ಮ್ಯಾಂಚೆಸ್ಟರ್ ಎಂದು ಹೆಮ್ಮೆಪಡುವವರಿಗೆ

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಹಳೆಯದು. ಮೇಷ್ಟರಾಗಿದ್ದ ಕಾಲದಲ್ಲಿ ನಾನೇ ಅದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಭಾರತದ ಮ್ಯಾಂಚೆಸ್ಟರ್ ಯಾವುದು? ಅಹಮದಾಬಾದು. ಕರ್ನಾಟಕದ ಮ್ಯಾಂಚೆಸ್ಟರ್? ದಾವಣಗೆರೆ. ಒಮ್ಮೆ ಹಿಂದಿನ ಸಾಲಿನಲ್ಲಿದ್ದ ಗಿರಣಿ ಕೆಲಸಗಾರರೊಬ್ಬರ ಮಗ ಎದ್ದು ನಿಂತು, "ಮ್ಯಾಂಚೆಸ್ಟರ್ ಅಂದ್ರೆ ಏನ್ ಸಾರ್?" ಎಂದು ಕೇಳಿದ. "ಇಂಗ್ಲೆಂಡಿನಲ್ಲಿ ಬಟ್ಟೆ ನೇಯುವ ಊರು, ಕೂತ್ಕೋ" ಎಂದುಬಿಟ್ಟೆ. ನನಗೆ ಗೊತ್ತಿದ್ದದ್ದೂ ಅಷ್ಟೆ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಕೊಡುತ್ತಿದ್ದೇನೆಂದು ಓದುಗರು ತಿಳಿಯಬಹುದು.

ಆಮೇಲೆ ಗಿರಣಿಗಳಿಗೆ ಒಂದೊಂದಾಗಿ ಬೀಗ ಬಿತ್ತು. ಬಿರುದು ಮಾತ್ರ ಇನ್ನೂ ಚಲಾವಣೆಯಲ್ಲಿದೆ. ಸಭೆ ಸಮಾರಂಭಗಳಲ್ಲಿ ಹಾರ ಹಾಕಿಸಿಕೊಂಡ ಮಹನೀಯರು ಆ ಹೆಸರನ್ನು ಎತ್ತಿದಾಗಲೆಲ್ಲ ಒಂದೇ ಕಥೆಯನ್ನು ಹೇಳುತ್ತಾರೆ: ಅಲ್ಲಿ ಸಾಹುಕಾರರು ಧೈರ್ಯದಿಂದ ಬಂಡವಾಳ ಹೂಡಿದರು, ಹತ್ತಿಯಿಂದ ಊರು ಉದ್ಧಾರವಾಯಿತು, ಊರಿನ ವೈಭವಕ್ಕೆ ಅಲ್ಲಿಯ ಪುರಭವನವೇ ಸಾಕ್ಷಿ. ಪಟದಲ್ಲಿ ಆ ಕಟ್ಟಡವನ್ನು ನೋಡಿದ ಯಾರಿಗೂ ತಲೆದೂಗಬೇಕು ಎನ್ನಿಸುವುದು ಸಹಜ. ನನಗೂ ಎನ್ನಿಸಿದೆ. ಆದರೆ ಪುರಭವನವನ್ನೇ ಸಾಕ್ಷಿಗೆ ಕರೆದ ಮೇಲೆ ಸಾಕ್ಷಿ ಹೇಳುವುದನ್ನೆಲ್ಲ ಕೇಳಬೇಕು. ನಮಗೆ ಬೇಕಾದ ಮಾತನ್ನು ಕೇಳಿಕೊಂಡು, ಬೇಡದ್ದು ಬಂದಾಗ ಎಬ್ಬಿಸಿ ಕಳಿಸುವುದು ಯಾವ ಕೋರ್ಟಿನ ನ್ಯಾಯವೂ ಅಲ್ಲ.

ಮೊದಲು ಕಟ್ಟಡದ ಮಾತು. ಅದನ್ನು ಕೆಟ್ಟದ್ದೆಂದು ಹೇಳುವ ಉದ್ದೇಶ ನನಗಿಲ್ಲ. ಹಾಗೆ ಹೇಳಿದರೆ ಅದನ್ನು ಕಟ್ಟಿದ ಗೌಂಡಿ, ಬಡಗಿ, ಕಲ್ಲುಕುಟಿಕರಿಗೆ ಅವಮಾನ. ನಗರಸಭೆಯವರು ಸ್ಪರ್ಧೆ ಕರೆದಾಗ ನೂರಕ್ಕೂ ಹೆಚ್ಚು ನಕ್ಷೆಗಳು ಬಂದವು. ಗೆದ್ದವನು ಆಲ್ಫ್ರೆಡ್ ವಾಟರ್‌ಹೌಸ್. ಹೊರಗಿನ ಚೆಲುವಿನಲ್ಲಿ ಬೇರೆ ಕೆಲವರ ನಕ್ಷೆಗಳು ಮೇಲೆಂದು ಪರೀಕ್ಷಕರಿಗೆ ಕಂಡರೂ ಒಳಗಿನ ಅನುಕೂಲ, ಗಾಳಿ, ಬೆಳಕುಗಳಲ್ಲಿ ಅವನದನ್ನು ಮೀರಿದ್ದು ಇರಲಿಲ್ಲ. ನಿವೇಶನವೋ ಮೂರು ಮೂಲೆಯದು, ಯಾರಿಗೂ ಬೇಡವಾದ ಆಕಾರ. ವಾಟರ್‌ಹೌಸ್ ಮೂರು ಬದಿಗೂ ಕಚೇರಿಗಳ ಸಾಲು ಕಟ್ಟಿ, ನಡುವೆ ದೊಡ್ಡ ಸಭಾಂಗಣವನ್ನಿಟ್ಟು, ಮಧ್ಯದಲ್ಲಿ ಬೆಳಕಿಗೆಂದು ತೆರೆದ ಅಂಗಳಗಳನ್ನು ಬಿಟ್ಟ. ಮೂಲೆಗಳಲ್ಲಿ ಸುರುಳಿ ಮೆಟ್ಟಿಲು. ಒಳಗೆ 1 ಕೋಟಿ 40 ಲಕ್ಷ ಇಟ್ಟಿಗೆ, ಹೊರಗೆ ಬ್ರಾಡ್‌ಫರ್ಡ್ ಕಡೆಯ ಸ್ಪಿಂಕ್‌ವೆಲ್ ಮರಳುಗಲ್ಲಿನ ಹೊದಿಕೆ. ಗಡಿಯಾರದ ಗೋಪುರ 280 ಅಡಿ. 1868ರ ಅಕ್ಟೋಬರ್ 26ರಂದು ಅಡಿಗಲ್ಲು ಬಿತ್ತು. 1877ರ ಸೆಪ್ಟೆಂಬರ್ 13ರಂದು ಬಾಗಿಲು ತೆರೆಯಿತು. ಖರ್ಚು ಸುಮಾರು 10 ಲಕ್ಷ ಪೌಂಡು. ಶೈಲಿ ಗಾಥಿಕ್, ಎಂದರೆ ಯೂರೋಪಿನ ಹಳೆಯ ಇಗರ್ಜಿಗಳ ಚೂಪು ಕಮಾನು, ಚೂಪು ಶಿಖರಗಳ ಮಾದರಿ. ಹೊರಗಿನಿಂದ ನೋಡಿದರೆ ಆರುನೂರು ವರ್ಷದ ಮಠದಂತೆ ಕಾಣುವ ಈ ಕಟ್ಟಡದ ಒಳಗೆ ಆ ಕಾಲದ ಅತಿ ಹೊಸ ಯಂತ್ರಜ್ಞಾನ ಅಡಗಿದೆ.

ಈ ಕಡೆಗೆ ಗಿರಣಿಯ ಸ್ನೇಹಿತರು ಸ್ವಲ್ಪ ಗಮನ ಕೊಡಬೇಕು. ಕಿಟಕಿಗಳ ಕೆಳಗೆ ಕೆತ್ತನೆಯ ಕಲ್ಲಿನ ಕಿಂಡಿಗಳುಂಟು. ಅವುಗಳಿಂದ ಹೊರಗಿನ ಗಾಳಿ ಒಳಗೆ ಬಂದು, ಬಿಸಿನೀರಿನ ಕೊಳವೆಗಳ ಹಿಂದೆ ಹಾಯ್ದು ಬೆಚ್ಚಗಾಗಿ ಕೋಣೆಗೆ ಸೇರುತ್ತಿತ್ತು. ಸುರುಳಿ ಮೆಟ್ಟಿಲುಗಳ ನಡುವಣ ಟೊಳ್ಳು ಕಂಬಗಳ ಮೂಲಕ ಅದೇ ಬೆಚ್ಚನೆಯ ಗಾಳಿ ಓಣಿಗಳಿಗೂ ಹೋಗುತ್ತಿತ್ತು. ದೀಪದ ಗ್ಯಾಸಿನ ಕೊಳವೆ ಕಣ್ಣಿಗೆ ಬೀಳದಂತೆ ಮೆಟ್ಟಿಲಿನ ಕೈಹಿಡಿಯ ಅಡಿಯಲ್ಲೇ ಅಡಗಿತ್ತು. ಊರಿನ ಆಕಾಶ ಹೊಗೆಯಿಂದ ಕಪ್ಪಾಗಿದ್ದುದರಿಂದ, ಇದ್ದಷ್ಟು ಬೆಳಕನ್ನಾದರೂ ಒಳಗೆಳೆಯಲು ಅಂಗಳದ ಗೋಡೆಗಳಿಗೆ ಹೊಳೆಯುವ ಬಿಳಿ ಇಟ್ಟಿಗೆ ಹಾಕಿದರು. ಹೊರಗಿನ ಕಲ್ಲನ್ನು ಆರಿಸಿದ್ದೂ ಹೊಗೆಗೆ ತಡೆಯುತ್ತದೆಂದೇ. ಆದರೂ ಅದು ಕೆಲವೇ ದಶಕಗಳಲ್ಲಿ ಕಪ್ಪಾಯಿತು.

ನಗರಸಭಾ ಸದಸ್ಯರಿಗೂ ಗುಮಾಸ್ತರಿಗೂ ಶುದ್ಧ ಗಾಳಿ ಬೇಕು, ಬೆಳಕು ಬೇಕು. ಒಳ್ಳೆಯದು. ಆದರೆ ಅದೇ ಊರಿನ ಮಗ್ಗದ ಖಾತೆಗಳಲ್ಲಿ ಏನು ನಡೆಯುತ್ತಿತ್ತು? ಎಳೆ ಕಡಿಯಬಾರದೆಂದು ಕಿಟಕಿ ಮುಚ್ಚಿ, ಒಳಗೆ ಹಬೆ ಬಿಟ್ಟು, ಬೆವರೂ ಹತ್ತಿಯ ಧೂಳೂ ಮೈಗೆ ಮೆತ್ತಿಕೊಳ್ಳುವಂತೆ ಗಂಡಸರು ಹೆಂಗಸರು ದುಡಿದರು. ಮನುಷ್ಯನ ಪುಪ್ಪುಸಕ್ಕೆ ಬೇಕಾದ ಗಾಳಿಯನ್ನು ಕಟ್ಟಡದೊಳಗೆ ತರುವ ವಿದ್ಯೆ ಆ ಊರಿಗೆ ಗೊತ್ತಿರಲಿಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ. ಗೊತ್ತಿತ್ತು. ಪುರಭವನದ ಪ್ರತಿ ಕಿಟಕಿಯ ಕೆಳಗೆ ಅದರ ರುಜು ಇದೆ. ಗಿರಣಿಯಲ್ಲಿ ಅದನ್ನು ಖರ್ಚೆಂದು ಬರೆದುಕೊಂಡರು, ಪುರಭವನದಲ್ಲಿ ಗೌರವವೆಂದು ಬರೆದುಕೊಂಡರು.

ದೊಡ್ಡ ಸಭಾಂಗಣದ ಹೊರಗಿನ ನೆಲಕ್ಕೆ ಬಣ್ಣದ ಕಲ್ಲುಚೂರುಗಳಿಂದ ಜೇನುನೊಣಗಳನ್ನು ಬಿಡಿಸಿದ್ದಾರೆ. ಜೇನುನೊಣ ಮ್ಯಾಂಚೆಸ್ಟರಿನ ಲಾಂಛನ, ದುಡಿಮೆಯ ಗುರುತು. ಬೇರೆ ಕಡೆ ನೆಲದಲ್ಲಿ ಹತ್ತಿಯ ಹೂವೂ ಉಂಟು. ನೋಡಲು ಬಹಳ ಅಂದ. ಆದರೆ ಆ ನೊಣಗಳನ್ನು ನೆಲಕ್ಕೆ ಕೂರಿಸುತ್ತಿದ್ದ ವರ್ಷಗಳಲ್ಲಿ ಜಾರಿಯಲ್ಲಿದ್ದುದು 1874ರ ಕಾರ್ಖಾನೆ ಕಾಯಿದೆ. ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಮಕ್ಕಳಿಗೆ ವಾರಕ್ಕೆ ಐವತ್ತಾರೂವರೆ ಗಂಟೆ ಕೆಲಸ. ಹತ್ತು ವರ್ಷ ತುಂಬಿದ ಮಗು ಅರ್ಧ ದಿನ ಗಿರಣಿಗೆ, ಅರ್ಧ ದಿನ ಶಾಲೆಗೆ. ಇದು ಸುಧಾರಣೆಯಾದ ಮೇಲಿನ ಲೆಕ್ಕ! ಬೆಳಗ್ಗೆ ಮಗ್ಗದ ಸದ್ದಿನಲ್ಲಿ ನಿಂತು ಬಂದ ಮಗು ಮಧ್ಯಾಹ್ನ ಬೆಂಚಿನ ಮೇಲೆ ಏನು ಮಾಡಿರಬಹುದು ಎಂಬುದನ್ನು ಮೇಷ್ಟರ ಕೆಲಸ ಮಾಡಿದವರು ಊಹಿಸಬಲ್ಲರು. ಮಲಗಿರುತ್ತದೆ. ಜೇನುನೊಣವನ್ನು ಹೊಗಳುವ ಪದ್ಧತಿ ಎಲ್ಲ ಊರುಗಳಲ್ಲೂ ಇದೆ. ತುಪ್ಪ ಹಿಂಡಿದವನ ಚಿತ್ರವನ್ನು ಮಾತ್ರ ಯಾರೂ ನೆಲಕ್ಕೆ ಹಾಕುವುದಿಲ್ಲ.

ಈ ಹತ್ತು ಲಕ್ಷ ಪೌಂಡು ಎಲ್ಲಿಯದು? ನಗರಸಭೆಯ ಹಣ, ಊರಿನ ಕಂದಾಯ, ಎಂದು ಮಹನೀಯರು ಹೇಳುತ್ತಾರೆ. ಊರಿಗೆ ಆ ಶಕ್ತಿ ಬಂದದ್ದು ಹತ್ತಿಯಿಂದ. ಹತ್ತಿ ಬಂದದ್ದು ಎಲ್ಲಿಂದ? 1861ರವರೆಗೆ ಅದರ ಬಹುಪಾಲು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ. ಅಲ್ಲಿ ಅದನ್ನು ಬಿಡಿಸಿದವರು ಕೊಂಡು ಮಾರಲ್ಪಟ್ಟ ನೀಗ್ರೋ ಗುಲಾಮರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಹಾಗೆ. 1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ, ದಕ್ಷಿಣದ ಬಂದರುಗಳನ್ನು ಉತ್ತರದ ನೌಕಾಪಡೆ ಮುಚ್ಚಿತು. ಹತ್ತಿ ನಿಂತಿತು. ಲಂಕಾಷೈರಿನಲ್ಲಿ ಗಿರಣಿಗಳು ನಿಂತವು. 1862ರ ಕೊನೆಯ ಹೊತ್ತಿಗೆ ಸುಮಾರು 5 ಲಕ್ಷ ಜನ ದಾನಧರ್ಮದ ಮೇಲೆ ಬದುಕುವಂತಾಯಿತು.

ಆ ಹಸಿವಿನಲ್ಲಿ ಮ್ಯಾಂಚೆಸ್ಟರಿನ ಕೂಲಿಕಾರರು ಏನು ಮಾಡಿದರೆಂಬುದನ್ನು ನಮ್ಮ ಭಾಷಣಕಾರರು ಎಂದೂ ಹೇಳುವುದಿಲ್ಲ. ಮುಚ್ಚಿದ ಬಂದರುಗಳನ್ನು ಬ್ರಿಟಿಷ್ ಸರ್ಕಾರ ಒಡೆದು ತೆಗೆಯಬೇಕು, ಗುಲಾಮರ ಒಡೆಯರ ಪಕ್ಷ ಹಿಡಿಯಬೇಕು ಎಂದು ಹೇಳುವವರು ಆ ಸೀಮೆಯಲ್ಲಿ ಬೇಕಾದಷ್ಟು ಇದ್ದರು; ದುಡಿಯುವವರಲ್ಲೂ ಕೆಲವರು ಹಾಗೆ ಹೇಳಿದ್ದುಂಟು. ಆದರೆ 1862ರ ಡಿಸೆಂಬರ್ 31ರಂದು ಫ್ರೀ ಟ್ರೇಡ್ ಹಾಲಿನಲ್ಲಿ ಸೇರಿದ ಕೂಲಿಕಾರರ ಸಭೆ, ನಮ್ಮ ಹೊಟ್ಟೆ ಖಾಲಿಯಿದ್ದರೂ ಸರಿ, ಗುಲಾಮಗಿರಿ ತೊಲಗಲಿ ಎಂಬ ಅಭಿಪ್ರಾಯ ಬರುವಂತೆ ಅಧ್ಯಕ್ಷ ಲಿಂಕನ್‌ರಿಗೆ ಪತ್ರ ಬರೆಯಿತು. 1863ರ ಜನವರಿ 19ರಂದು ಲಿಂಕನ್ ಅವರಿಗೆ ಉತ್ತರ ಬರೆದರು. ಸಮುದ್ರದಾಚೆಯ, ಬೇರೆ ಬಣ್ಣದ, ಎಂದೂ ಕಾಣದ ಹತ್ತಿ ಕೂಲಿಯವನಿಗಾಗಿ ತನ್ನ ಕೆಲಸ ಹೋಗುವುದನ್ನು ಸಹಿಸಿದ ನೇಕಾರರ ಊರು ಅದು. ಮ್ಯಾಂಚೆಸ್ಟರ್ ಎಂದು ಹೆಮ್ಮೆಪಡುವುದಾದರೆ ಇದಕ್ಕೆ ಪಡಿರಿ, ನಾನೂ ಜೊತೆಗೆ ಬರುತ್ತೇನೆ.

ಗಿರಣಿ ಮಾಲೀಕರ ದೃಷ್ಟಿ ಅಷ್ಟು ಹೊತ್ತಿಗೆ ನಮ್ಮ ಕಡೆಗೆ ತಿರುಗಿತ್ತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕನ್ ಹತ್ತಿಯ ಬೀಜ ಬಿತ್ತಿಸಲು ಕಂಪನಿ ಸರ್ಕಾರ ಹೆಣಗಿತ್ತು; ದೇಶದ ಬೇರೆ ಕಡೆ ಸೋತ ಆ ಪ್ರಯೋಗ ಇಲ್ಲಿಯ ಎರೆಭೂಮಿಯಲ್ಲಿ ನೆಲೆಗೊಂಡಿತ್ತು. ಯುದ್ಧ ಬಂದೊಡನೆ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆ ಕಾರವಾರದ ಸದಾಶಿವಗಡಕ್ಕೆ ಜನರನ್ನೂ ಯಂತ್ರಗಳನ್ನೂ ಕಳಿಸಿತು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಅಲ್ಲಿಂದ ನೇರವಾಗಿ ಹಡಗಿಗೆ ಹಾಕುವುದು ಅವರ ಯೋಚನೆ. ಘಟ್ಟದ ರಸ್ತೆ ಸಕಾಲಕ್ಕೆ ಆಗಲಿಲ್ಲ, ಕಂಪನಿ ಕೈಸುಟ್ಟುಕೊಂಡು ಹೋಯಿತು. ಆದರೆ ಅವರ ಒತ್ತಾಯದ ಬಲ ನೋಡಿ: 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೆ ಈ ಬಂದರಿನ ಯೋಜನೆಯೂ ಒಂದು ಕಾರಣ. ಹತ್ತಿಯ ಮೂಟೆಗಾಗಿ ಜಿಲ್ಲೆಯ ಗಡಿ ಸರಿಯಿತು. ಅದೇ ನೆಲದ ಕನ್ನಡಿಗರು ತಮ್ಮ ಭಾಷೆಗಾಗಿ ಗಡಿ ಸರಿಸಲು 1956ರವರೆಗೆ ಕಾಯಬೇಕಾಯಿತು.

ಬೆಲೆ ಏರಿದಾಗ ರೈತ ಹೊಲ ತುಂಬ ಹತ್ತಿ ಹಾಕಿದ. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು. ಅವನಿಗೆ ಸಾಲ ಉಳಿಯಿತು. ಆ ಕಡೆ ಲಂಕಾಷೈರಿನ ಕೆಲಸಗಾರನಿಗೂ ನಮ್ಮ ದೇಶದ ಹತ್ತಿಯಿಂದ ಸುಖವಾಗಲಿಲ್ಲ. ಸೂರತ್ ಎಂಬ ಹೆಸರಿನಿಂದ ಹೋದ ಹತ್ತಿ ಗಿಡ್ಡ ಎಳೆಯದು, ಕಸ ಬೆರೆತದ್ದು, ಮತ್ತೆ ಮತ್ತೆ ಕಡಿಯುವುದು. ಕೂಲಿ ತುಂಡಿನ ಲೆಕ್ಕದ್ದಾದ್ದರಿಂದ ಕಡಿದ ಎಳೆ ಕಟ್ಟುತ್ತ ಕೂತವನ ಕೂಲಿ ಇಳಿಯಿತು. ಹೀಗೆ ಒಂದೇ ಹತ್ತಿ ಎರಡು ತುದಿಯಲ್ಲೂ ಬಡವನನ್ನು ಕೊಯ್ದಿತು. ಯುದ್ಧ ಮುಗಿದ ಮೂರು ವರ್ಷಕ್ಕೆ ಪುರಭವನಕ್ಕೆ ಅಡಿಗಲ್ಲು ಬಿತ್ತು. ಸಭಾಂಗಣದ ಮಾಳಿಗೆಯಲ್ಲಿ ಮ್ಯಾಂಚೆಸ್ಟರ್ ವ್ಯಾಪಾರ ಮಾಡುತ್ತಿದ್ದ ದೇಶಗಳ, ಪಟ್ಟಣಗಳ ಲಾಂಛನಗಳನ್ನು ಬಣ್ಣದಲ್ಲಿ ಬರೆಸಿದ್ದಾರೆ. ಗುಲಾಮನಿಗೂ ಎರೆಹೊಲದ ರೈತನಿಗೂ ಲಾಂಛನವಿಲ್ಲ.

ಇನ್ನು ಗೋಡೆಗಳು. ದೊಡ್ಡ ಸಭಾಂಗಣದ ಗೋಡೆಗಳ ಮೇಲೆ ಹನ್ನೆರಡು ಚಿತ್ರಗಳಿವೆ. ಊರಿನ ಚರಿತ್ರೆಯನ್ನು ಸಾರುವ ಚಿತ್ರಗಳು; ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಎಂಬ ಕಲಾವಿದ 1879ರಿಂದ 1893ರವರೆಗೆ, ಎಂದರೆ ತನ್ನ ಆಯುಷ್ಯದ ಕೊನೆಯವರೆಗೆ ಬರೆದದ್ದು. ರೋಮನರು ಕೋಟೆ ಕಟ್ಟುವುದರಿಂದ ಮೊದಲಾಗುತ್ತದೆ. ವರ್ತಕ ಬಂಧುಗಳಿಗೆ ಹಿಡಿಸುವ ಚಿತ್ರ ಒಂದಿದೆ: 1556ರಲ್ಲಿ ಅಳತೆ ತೂಕಗಳನ್ನು ಪರೀಕ್ಷೆಗೆ ಒಪ್ಪಿಸಬೇಕೆಂದು ಡಂಗುರ ಸಾರುತ್ತಿದ್ದಾರೆ, ಅಂಗಡಿಯವರು ಗಾಬರಿಯಾಗುತ್ತಿದ್ದಾರೆ. ನಮ್ಮ ಪೇಟೆಗೆ ತೂಕದ ಇನ್‌ಸ್ಪೆಕ್ಟರು ಬಂದ ದಿನದಂತೆಯೇ ಇದೆ!

ಬಟ್ಟೆಯ ಊರಿನ ಚರಿತ್ರೆಯಲ್ಲಿ ನೇಕಾರರು ಎಲ್ಲಿ? ಎರಡು ಚಿತ್ರಗಳಲ್ಲಿದ್ದಾರೆ. ಒಂದರಲ್ಲಿ, 1363ರಲ್ಲಿ ಫ್ಲಾಂಡರ್ಸಿನಿಂದ ಬಂದ ನೇಕಾರರನ್ನು ನೋಡಲು ರಾಣಿಯವರು ಚಿತ್ತೈಸಿದ್ದಾರೆ. ಇನ್ನೊಂದರಲ್ಲಿ, 1753ರಲ್ಲಿ, ಹಾರುವ ಲಾಳಿಯನ್ನು ಕಂಡುಹಿಡಿದ ಜಾನ್ ಕೇ ಎಂಬಾತನ ಮನೆಗೆ ದಂಗೆಕೋರರು ನುಗ್ಗುತ್ತಿದ್ದಾರೆ. ಆತ ಹೆಂಡತಿಗೆ ವಿದಾಯ ಹೇಳಿ ಉಣ್ಣೆಯ ಹಾಸಿನಲ್ಲಿ ಸುತ್ತಿಸಿಕೊಂಡು ಪಾರಾಗುತ್ತಿದ್ದಾನೆ. ದೊಡ್ಡವರು ನೋಡಲು ಬಂದಾಗ ವಿನಯದಿಂದ ನಿಂತ ನೇಕಾರ, ಇಲ್ಲವೇ ಬಾಗಿಲು ಒಡೆಯುವ ನೇಕಾರ. ಇವೆರಡರ ಮಧ್ಯೆ ಲಕ್ಷಾಂತರ ಜನ ನೂರು ವರ್ಷ ದಿನವೂ ಕೆಲಸಕ್ಕೆ ಹೋಗಿ ಬಂದದ್ದಕ್ಕೆ ಗೋಡೆ ಸಿಕ್ಕಲಿಲ್ಲ. ಕಲಾವಿದನ ತಪ್ಪೆಂದು ನಾನು ಹೇಳುವುದಿಲ್ಲ. ರಸ್ತೆ ಅಗೆಯುವ ಕೂಲಿಗಳನ್ನೇ ನಾಯಕರನ್ನಾಗಿ ಮಾಡಿ 'ಕೆಲಸ' ಎಂಬ ದೊಡ್ಡ ಚಿತ್ರವನ್ನು ಬರೆದವನು ಅವನೇ. ಆ ಚಿತ್ರ ಅದೇ ಊರಿನ ಕಲಾಶಾಲೆಯಲ್ಲಿದೆ. ಕೈಗೆ ಶಕ್ತಿಯಿತ್ತು, ಮನಸ್ಸೂ ಇತ್ತು. ಗೋಡೆಯ ಯಜಮಾನರು ಬೇರೆಯವರಾಗಿದ್ದರು.

ಪೀಟರ್ಲೂ ಘಟನೆಯನ್ನೂ ಚಿತ್ರಿಸಬೇಕೆಂಬ ಮಾತು ಬಂದಿತ್ತು, ಸಮಿತಿ ಒಪ್ಪಲಿಲ್ಲ. ಪುರಭವನದಿಂದ ಕೂಗಳತೆಯ ದೂರದಲ್ಲಿದ್ದ ಸೇಂಟ್ ಪೀಟರ್ಸ್ ಬಯಲಿನಲ್ಲಿ 1819ರ ಆಗಸ್ಟ್ 16ರಂದು ಸುಮಾರು 60,000 ಜನ, ಹೆಂಗಸರು ಮಕ್ಕಳು ಸಹಿತ, ಹಬ್ಬದ ಬಟ್ಟೆ ತೊಟ್ಟು ಓಟಿನ ಹಕ್ಕು ಕೇಳಲು ಸೇರಿದ್ದರು. ಅಷ್ಟು ದೊಡ್ಡ ಊರಿಗೆ ಅಂದು ಪಾರ್ಲಿಮೆಂಟಿನಲ್ಲಿ ಸ್ವಂತದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಮುಖ್ಯ ಭಾಷಣಕಾರ ಹೆನ್ರಿ ಹಂಟ್‌ನನ್ನು ಹಿಡಿಯಿರೆಂದು ಮ್ಯಾಜಿಸ್ಟ್ರೇಟರು ಅಪ್ಪಣೆ ಕೊಟ್ಟರು. ಕತ್ತಿ ಹಿರಿದ ಕುದುರೆಪಡೆ ಜನರ ಮೇಲೆ ನುಗ್ಗಿತು. ಸತ್ತವರು ಹದಿನೈದಕ್ಕೆ ಮೇಲೆ, ಗಾಯಗೊಂಡವರು ನೂರಾರು. ಮೊದಲು ನುಗ್ಗಿದ ಸ್ಥಳೀಯ ಪಡೆಯಲ್ಲಿ ಗಿರಣಿ ಮಾಲೀಕರ ಜೊತೆಗೆ ಅಂಗಡಿಕಾರರೂ ಇದ್ದರು. ಇದನ್ನು ಪೇಟೆಯ ಅಣ್ಣಂದಿರಿಂದ ಮುಚ್ಚಿಟ್ಟು ಬರೆಯುವುದು ನನ್ನಿಂದಾಗದು. ತಮ್ಮ ಅಂಗಡಿಗೆ ಉಪ್ಪು, ಮೇಣದಬತ್ತಿ ಕೊಳ್ಳಲು ಬರುವ ಗಿರಾಕಿಗಳ ಮೇಲೆಯೇ ಅವರು ಕತ್ತಿ ಎತ್ತಿದರು.

ಆದರೆ ಅದೇ ಊರಿನ ಇನ್ನೊಬ್ಬ ಅಂಗಡಿಕಾರನ ಹೆಸರು ಏಬೆಲ್ ಹೇವುಡ್. ಬಡವರ ಮನೆಯ ಹುಡುಗ, ಚಿಕ್ಕಂದಿನಲ್ಲೇ ದುಡಿಮೆಗೆ ಬಿದ್ದವನು, ಆಮೇಲೆ ಪುಸ್ತಕ ಪತ್ರಿಕೆಗಳ ಅಂಗಡಿ ಇಟ್ಟವನು. ಬಡವರು ಪತ್ರಿಕೆ ಓದಬಾರದೆಂದೇ ಆಗ ಪ್ರತಿಯೊಂದಕ್ಕೆ ನಾಲ್ಕು ಪೆನ್ನಿಯ ಮುದ್ರೆ ತೆರಿಗೆ ಹಾಕಿದ್ದರು. ತೆರಿಗೆ ಕಟ್ಟದೆ ಒಂದು ಪೆನ್ನಿಗೆ ಮಾರುತ್ತಿದ್ದ 'ಪೂರ್ ಮ್ಯಾನ್ಸ್ ಗಾರ್ಡಿಯನ್' ಪತ್ರಿಕೆಯನ್ನು ಹೇವುಡ್ ತನ್ನ ಅಂಗಡಿಯಲ್ಲಿಟ್ಟು ಮಾರಿದ. 1832ರಲ್ಲಿ ನಾಲ್ಕು ತಿಂಗಳು ಜೈಲು ಸೇರಿದ. ಹೊರಗೆ ಬಂದು ಮತ್ತೆ ಮಾರಿದ. ನಾಲ್ವತ್ತೈದು ವರ್ಷಗಳ ಮೇಲೆ ಪುರಭವನ ಸಿದ್ಧವಾದಾಗ ಊರಿನ ಮೇಯರ್ ಇದೇ ಹೇವುಡ್. ಅಷ್ಟರಲ್ಲಿ ಆತನೂ ದೊಡ್ಡ ಶ್ರೀಮಂತನಾಗಿದ್ದ, ಅದನ್ನೂ ಹೇಳಬೇಕು. ಪ್ರಾರಂಭೋತ್ಸವಕ್ಕೆ ವಿಕ್ಟೋರಿಯಾ ರಾಣಿಯವರನ್ನು ಕರೆದರು, ಬರಲಿಲ್ಲ. ಜೈಲು ಕಂಡ ಮೇಯರನ ಜೊತೆ ನಿಲ್ಲಲು ಮನಸ್ಸಾಗಲಿಲ್ಲವೆಂದು ಜನ ಆಡಿಕೊಂಡರು. ಕಡೆಗೆ ಬಾಗಿಲು ತೆರೆದವನು ಹೇವುಡ್ಡೇ. ಗೋಪುರದ ಎಂಟು ಟನ್ನಿನ ದೊಡ್ಡ ಗಂಟೆಗೆ ಅವನ ಹೆಸರೇ ನಿಂತಿದೆ: ಗ್ರೇಟ್ ಏಬೆಲ್.

ಎರಡು ದಿನ ಕಳೆದು ಶನಿವಾರ ಬಂತು. ಅಂದು ಊರಿನ ಕಸಬುದಾರರ ಸಂಘಗಳು, ಹತ್ತಾರು ಸಾವಿರ ಜನ, ತಮ್ಮ ತಮ್ಮ ಬಾವುಟ ಹಿಡಿದು, ತಮ್ಮ ಕೈಕೆಲಸದ ಮಾದರಿಗಳನ್ನು ಹೊತ್ತು, ಗಂಟೆಗಟ್ಟಲೆ ಪುರಭವನದ ಮುಂದೆ ಮೆರವಣಿಗೆ ನಡೆಸಿದರು. ಇದು ನಾವು ಕಟ್ಟಿದ್ದು ಎಂದು ಹೇಳಲು ಅವರಿಗೆ ಯಾವ ಶಿಲಾಫಲಕವೂ ಬೇಕಾಗಲಿಲ್ಲ.

ಈಗ ಮಹನೀಯರು ಕೇಳಬಹುದು: "ಮೇಷ್ಟ್ರೇ, ಹಾಗಾದರೆ ಏನು ಮಾಡಬೇಕಾಗಿತ್ತು? ಗುಡಿಸಲಲ್ಲಿ ಸಭೆ ಸೇರಬೇಕಾಗಿತ್ತೇ?" ಖಂಡಿತ ಇಲ್ಲ. ಊರಿನ ಕಂದಾಯದಿಂದ ಕಟ್ಟಿದ ಭವ್ಯವಾದ ಮನೆ ಊರಿನ ಬಡವನಿಗೂ ಮನೆಯೇ. ಸಾಹುಕಾರನ ಬಂಗಲೆಯೊಳಗೆ ಅವನಿಗೆ ಇಲ್ಲದ ಅಧಿಕಾರ ಇಲ್ಲಿ ಉಂಟು. 1945ರಲ್ಲಿ ಅಲ್ಲಿಯ ನಗರಸಭೆಯ ಯೋಜನೆಯೊಂದು ಈ ಕಟ್ಟಡವನ್ನೇ ಕೆಡವಿ ಹೊಸದು ಕಟ್ಟುವುದಾಗಿ ಹೇಳಿತ್ತು. ಕೆಡವದೆ ಬಿಟ್ಟದ್ದು ಒಳ್ಳೆಯದಾಯಿತು. 1952ರಲ್ಲಿ ಅದನ್ನು ರಕ್ಷಿತ ಕಟ್ಟಡಗಳ ಮೊದಲ ದರ್ಜೆಗೆ ಸೇರಿಸಿದರು. 2018ರ ಜನವರಿಯಲ್ಲಿ ದುರಸ್ತಿಗೆಂದು ಮುಚ್ಚಿದರು. ಸುಮಾರು 33 ಕೋಟಿ ಪೌಂಡಿನ ಅಂದಾಜು ಆಮೇಲೆ 40 ಕೋಟಿಯನ್ನೂ ದಾಟಿತು. ಅದನ್ನು ತೆರುವುದೂ ಸಾರ್ವಜನಿಕರೇ. ತೆರುವವರಿಗೆ ಲೆಕ್ಕ ಕೇಳುವ ಹಕ್ಕಿದೆ, ಗೋಡೆಯ ಲೆಕ್ಕವನ್ನೂ ಸೇರಿಸಿ. ನಮ್ಮ ಊರುಗಳಲ್ಲಿ ಸಮುದಾಯ ಭವನಗಳ ಬಾಗಿಲಲ್ಲಿ ಕರಿಕಲ್ಲು ನೆಟ್ಟು ಸಚಿವರ, ಶಾಸಕರ, ಅಧ್ಯಕ್ಷರ, ಉಪಾಧ್ಯಕ್ಷರ, ಕಂಟ್ರಾಕ್ಟರರ ಹೆಸರುಗಳನ್ನು ಬಂಗಾರದ ಅಕ್ಷರದಲ್ಲಿ ತುಂಬುವವರಿಗೂ ಇದೇ ಪ್ರಶ್ನೆ: ಗಾರೆ ಹೊತ್ತವರಿಗೆ ಒಂದು ಸಾಲಿಗೂ ಜಾಗವಿಲ್ಲವೇ?

ಮ್ಯಾಂಚೆಸ್ಟರಿನ ಜನ ಆ ಲೆಕ್ಕವನ್ನು ಬಿಡದೆ ಕೇಳಿದ್ದಾರೆ. ಪೀಟರ್ಲೂ ಬಯಲಿನ ಜಾಗದಲ್ಲಿ 1972ರಲ್ಲಿ ಒಂದು ನೀಲಿ ಫಲಕ ಹಾಕಿದಾಗ ಅದರಲ್ಲಿ ಸತ್ತವರ ಸುದ್ದಿಯೇ ಇರಲಿಲ್ಲ. ಸೈನ್ಯವು ಗುಂಪನ್ನು ಚದುರಿಸಿತು ಎಂಬಷ್ಟೇ ಧಾಟಿ. ಜನ ಗಲಾಟೆ ಮಾಡಿದರು. 2007ರಲ್ಲಿ ಅದನ್ನು ಕಿತ್ತು, ಕುದುರೆಪಡೆ ದಾಳಿ ಮಾಡಿತು, ಇಷ್ಟು ಜನ ಸತ್ತರು ಎಂದು ಬರೆದ ಕೆಂಪು ಫಲಕವನ್ನು ಹಾಕಿದರು. 2019ರಲ್ಲಿ, ಸರಿಯಾಗಿ ಇನ್ನೂರು ವರ್ಷಕ್ಕೆ, ಸತ್ತವರ ಹೆಸರುಗಳನ್ನೂ ಅವರು ನಡೆದು ಬಂದ ಊರುಗಳ ಹೆಸರುಗಳನ್ನೂ ಕಲ್ಲಿನಲ್ಲಿ ಕೆತ್ತಿಸಿ ಸ್ಮಾರಕ ಕಟ್ಟಿದರು. ಯಾರು ಬೇಕಾದರೂ ಮೇಲೆ ಹತ್ತಿ ನಿಂತು ಭಾಷಣ ಮಾಡಲೆಂದು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ರಚಿಸಿದ್ದಾರೆ. ಕಟ್ಟಿ ಮುಗಿಸುವ ಹೊತ್ತಿಗೆ ಕಾಲಿಲ್ಲದವರು ಗಾಲಿಕುರ್ಚಿಯಲ್ಲಿ ಬಂದು, ನಾವು ಹತ್ತುವುದು ಹೇಗೆ ಎಂದು ಕೇಳಿದರು.